ನೀರೆರೆಯುವ ಕೈ

ಎಲ್ಲರ ಚರ್ಮವೂ ಗಟ್ಟಿಯಾಗತೊಡಗಿದ ಮೇಲೆ, ಕೂಸಿಗೆ ನೀರೆರೆಯುವ ಮೊದಲು ಆಸ್ಪತ್ರೆಯಲ್ಲಿ ಕೈ ಸ್ಕ್ಯಾನ್ ಮಾಡಿಸಬೇಕೆಂಬ ನಿಯಮ ಬಂದಿತ್ತು. ಬಿಸಿ ತಿಳಿಯದ ಕೈಗೆ ಯಾರೂ ಕೂಸು ಕೊಡುತ್ತಿರಲಿಲ್ಲ.

ಮಗಳಿಗೆ ಹೆರಿಗೆಯಾಗಿತ್ತು. ದ್ಯಾಮವ್ವ ಆಸ್ಪತ್ರೆಗೆ ಹೋಗಿ ಕೈ ಚಾಚಿ ಕೂತಳು. ಸ್ಕ್ಯಾನ್ ಮಾಡುವ ರೇಷ್ಮಾ ಜೆಲ್ ಹಚ್ಚಿ, ಬೆರಳಿನ ಗೆಣ್ಣುಗಳ ಮೇಲೆ ಯಂತ್ರ ಸರಿಸಿದಳು. ಪರದೆಯ ಮೇಲೆ ಚರ್ಮ ದಪ್ಪನೆಯ ಬಿಳಿ ಪಟ್ಟಿಯಾಗಿ ಕಂಡಿತು.

"ಜೆಲ್ ಹೆಂಗ ಅನಸ್ತೈತಿ, ಅಜ್ಜಿ?"

ಹೋಗಿ ಬಂದವರನ್ನು ಕೇಳಿ ದ್ಯಾಮವ್ವ ಉತ್ತರ ಕಲಿತುಕೊಂಡೇ ಬಂದಿದ್ದಳು.

"ತಣ್ಣಗ ಐತವಾ. ಬರ್ಫ ಇಟ್ಟಂಗ."

ರೇಷ್ಮಾ ಯಂತ್ರ ಕೆಳಗಿಟ್ಟಳು. "ಎಲ್ಲಾರೂ ಹಂಗ ಅಂತಾರ. ಅದಕ್ಕ ಇವತ್ತ ಬಿಸಿ ಮಾಡಿ ಇಟ್ಟೀನಿ."

ದ್ಯಾಮವ್ವ ಸೆರಗಿನಿಂದ ಜೆಲ್ ಒರೆಸಿಕೊಂಡಳು. ಕೂಸನ್ನು ಮುಟ್ಟಬಾರದವರಿಗೆ ಕಟ್ಟುವ ಕೆಂಪು ದಾರವನ್ನು ರೇಷ್ಮಾ ಅವಳ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು.

"ಬಿಗಿ ಆತೇನು?"

"ಇಲ್ಲವಾ."

ಆದರೆ ಉಗುರುಗಳು ನೀಲಿಗಟ್ಟುತ್ತಿದ್ದವು. ರೇಷ್ಮಾ ಅದನ್ನು ನೋಡಿ ಗಂಟು ಸಡಿಲಿಸಿದಳು. ಸಡಿಲವಾದದ್ದೂ ದ್ಯಾಮವ್ವನಿಗೆ ತಿಳಿಯಲಿಲ್ಲ.