ನೀರು ಕುಡಿಸುವ ಸಿಳ್ಳೆ

ಶಿವಣ್ಣನ ಗಂಟಿಗೆ ನೋವಿರಲಿಲ್ಲ. ಎಡಗಿವಿಯ ಕೆಳಗೆ ಹುಣಸೆಬೀಜದಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗಿತ್ತು. ಜೊಲ್ಲುಗ್ರಂಥಿಯ ಗೆಡ್ಡೆ ಇರಬಹುದು, ಮುಖದ ನರ ಅದರೊಳಗೇ ಹಾಯುತ್ತದೆ, ಚಾಮರಾಜನಗರಕ್ಕೆ ಹೋಗಿ ಪರೀಕ್ಷೆ ಮಾಡಿಸಿ ಎಂದು ಗುಂಡ್ಲುಪೇಟೆಯ ಡಾಕ್ಟರು ಹೋದ ವರ್ಷವೇ ಹೇಳಿದ್ದರು. ಮಗಳು ಮೇಘನಾ ಹೊರಡಿಸಲು ನೋಡಿದಾಗಲೆಲ್ಲ ಅವನು, "ನೋಯ್ದೆ ಇರದು ಯಾವ್ ಸೀಮೆ ಕಾಯ್ಲೆ ಕಣಮ್ಮಿ? ನಿನ್ ಬಾಯೇ ಇದಕ್ಕಿಂತ ನೋಯ್ಸ್ತದೆ" ಎಂದು ನಗುತ್ತಿದ್ದ.

ಈ ಬೆಳಿಗ್ಗೆ ಎತ್ತುಗಳನ್ನು ತೊಟ್ಟಿಗೆ ಬಿಟ್ಟು, ಎಂದಿನಂತೆ ತುಟಿ ಕೂಡಿಸಿ ಊದಿದ. ಸಿಳ್ಳೆ ಬರಲಿಲ್ಲ. ಗಾಳಿ ಬಾಯಿಯ ಎಡಗಡೆಯಿಂದ ಸೋರಿತು, ಜೊತೆಗೆ ಜೊಲ್ಲೂ ಗದ್ದಕ್ಕೆ ಇಳಿಯಿತು. ಆ ಸಿಳ್ಳೆ ಕೇಳಿಕೊಂಡೇ ನೀರು ಕುಡಿದು ರೂಢಿಯಾದ ಎತ್ತುಗಳು ತಲೆಯೆತ್ತಿ ಅವನನ್ನೇ ನೋಡುತ್ತ ನಿಂತವು.

"ಎಲೆಗೆ ಸುಣ್ಣ ಜಾಸ್ತಿ ಆಗೋಗದೆ ಬುಡು," ಎಂದ. ಮಾತೂ ತೊದಲಿತು. ಮೇಘನಾ ಸಗಣಿ ಬುಟ್ಟಿ ಕೆಳಗಿಟ್ಟು ಬಂದು ಅವನ ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಅಪ್ಪ, ಎರಡೂ ಕಣ್ ಮುಚ್ಚು."

"ಮುಚ್ಚಿವ್ನಿ ಕಣಮ್ಮಿ."

ಬಲಗಣ್ಣು ಮುಚ್ಚಿತ್ತು. ಎಡಗಣ್ಣು ಬೆಳ್ಳಗೆ ತೆರೆದೇ ಇತ್ತು.

"ಗಟ್ಟಿಯಾಗ್ ಮುಚ್ಚಪ್ಪ."

"ಇನ್ನೆಷ್ಟ್ ಮುಚ್ಚನಮ್ಮಿ?"

ಅವಳು ಬೆರಳಿನಿಂದ ಆ ರೆಪ್ಪೆಯನ್ನು ಕೆಳಗೆ ಸವರಿ ಮುಚ್ಚಿದಳು. ಅವನ ಅಮ್ಮ ಸತ್ತ ದಿನ ಅವನೂ ಆಕೆಯ ಕಣ್ಣುಗಳನ್ನು ಹಾಗೆಯೇ ಮುಚ್ಚಿದ್ದ. ಅವಳು ಬೆರಳು ತೆಗೆದ ಕೂಡಲೇ ರೆಪ್ಪೆ ಮೇಲಕ್ಕೆ ಹೋಯಿತು. ಶಿವಣ್ಣ ತಾನೇ ಕೈಯಿಟ್ಟು ಮುಟ್ಟಿ ನೋಡಿಕೊಂಡ.

"ನೋಯ್ತಾನೇ ಇಲ್ವಲ್ಲಮ್ಮಿ," ಎಂದ, ಮೆಲ್ಲಗೆ.

ನೋಯದ ಆ ಗಂಟು ಅಷ್ಟರಲ್ಲಿ ಒಂದು ಸಿಳ್ಳೆ, ಒಂದು ರೆಪ್ಪೆ ಮತ್ತು ಅರ್ಧ ನಗುವನ್ನು ತೆಗೆದುಕೊಂಡಿತ್ತು.