ನಾಲ್ಕನೆಯ ಸಾಲು

ಹುಟ್ಟಿದ ದಿನವೇ ಸಾಯುವ ತಾರೀಖನ್ನೂ ಬರೆದುಕೊಡುತ್ತಿದ್ದ ಕಾಲವದು. ಪ್ರತಿಯೊಬ್ಬರ ಕೊನೆಯ ಮೆರವಣಿಗೆಗೂ ಅವರದೇ ಒಂದು ಹಾಡು ಬೇಕಿತ್ತು. ಗದಗಿನಲ್ಲಿ ಅಂಥ ಹಾಡುಗಳನ್ನು ಕೀಬೋರ್ಡಿನಲ್ಲಿ ರೆಕಾರ್ಡ್ ಮಾಡಿಕೊಡುತ್ತಿದ್ದವನು ಈರಣ್ಣ. ಒಂದು ಮಂಗಳವಾರ ಶಾಂತವ್ವ ತನ್ನ ಒಂಬತ್ತು ವರ್ಷದ ಮಗಳು ಚಂಪಾಳನ್ನು ಕರೆತಂದಳು. ಚಂಪಾಳ ತಾರೀಖು ಅದೇ ವಾರದ ಗುರುವಾರಕ್ಕಿತ್ತು.

ಈರಣ್ಣ ಕೀಬೋರ್ಡಿನಲ್ಲಿ ಮೊದಲು ತಬಲಾದ ದನಿ ತುಂಬಿಸಿದ, ಅದರ ಮೇಲೆ ಪಿಟೀಲಿನದು ಕೂಡಿಸಿದ. ಹಾಡಿನ ಧಾಟಿಯನ್ನು ತಾನೇ ನುಡಿಸುತ್ತೇನೆಂದು ಚಂಪಾ ಹಟ ಹಿಡಿದಳು. ಒಂದೇ ಬೆರಳಿನಿಂದ ಮೂರು ಸಾಲು ನುಡಿಸಿ ಕೈ ತೆಗೆದಳು.

"ಇನ್ನೊಂದು ಸಾಲು ಐತಲ್ಲವಾ," ಎಂದ ಈರಣ್ಣ.

"ಅದನ್ನ ಶುಕ್ರವಾರ ಬಂದು ನುಡಸ್ತೇನ್ರಿ, ಕಾಕಾ."

ಶಾಂತವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಈರಣ್ಣ ರೆಕಾರ್ಡಿಂಗ್ ನಿಲ್ಲಿಸಿದ.

"ಆತು, ಬಾ," ಎಂದ.

ಆ ಸಾಲನ್ನು ತಾನೇ ತುಂಬಿಸೋಣವೆಂದು ಬುಧವಾರವಿಡೀ ಕುಳಿತ. ಬೆರಳು ಏಳಲಿಲ್ಲ.

ಗುರುವಾರ ಮೆರವಣಿಗೆಯಲ್ಲಿ ಮೂರು ಸಾಲು ಮುಗಿದವು. ನಾಲ್ಕನೆಯದಕ್ಕೆ ತಬಲಾ, ಪಿಟೀಲು ಮಾತ್ರ ನುಡಿಯುತ್ತಾ ಹೋದವು. ಚಂಪಾಳನ್ನು ಹೊತ್ತವರು ಆ ಸಾಲು ಮುಗಿಯುವವರೆಗೆ ನಿಂತೇ ಇದ್ದರು.