ಅಧ್ಯಕ್ಷೆಯ ಮತ

"ಕೈ ಎತ್ತೋ ಮುಂಚೆ ಒಂದು ಹೇಳಿಬಿಡಿ ಮೇಡಂ. ನೀವು ಅಧ್ಯಕ್ಷೆ ಆಗಿರೋದು ಊರಿಗೋ, ನಿಮ್ಮ ಮಗನಿಗೋ?"

ಜವಳಿ ಅಂಗಡಿಯ ಸದಸ್ಯ ಕೂತಲ್ಲಿಂದಲೇ ಕೂಗಿದ. ಸಭಾಂಗಣದಲ್ಲಿ ಅರ್ಧ ಜನ ನಕ್ಕರು, ಉಳಿದರ್ಧ ಜನ ನಗು ನುಂಗಿಕೊಂಡರು. ನಗರಸಭೆಯ ಅಧ್ಯಕ್ಷೆ ನೀರಿನ ಲೋಟ ಎತ್ತಿ, ಕುಡಿಯದೆ ಹಾಗೇ ಕೆಳಗಿಟ್ಟಳು.

ವಿಷಯ ಸರಳ. ನಗರಸಭೆಯ ಬೊಕ್ಕಸ ಬರಿದಾಗಿತ್ತು. ಒಂದೋ ಬ್ಯಾಂಕಿನಿಂದ ಸಾಲ ತಂದು ಈ ವರ್ಷ ತಳ್ಳಬೇಕು. ಇಲ್ಲವೇ ಪಂಪ್‌ಹೌಸಿನ ರಾತ್ರಿ ಪಾಳಿ ರದ್ದು ಮಾಡಿ ಅಲ್ಲಿದ್ದವರನ್ನೆಲ್ಲ ಮನೆಗೆ ಕಳಿಸಬೇಕು. ಬೆಳಿಗ್ಗೆಯಿಂದ ಮಾತಾಡಿ ಮಾತಾಡಿ ಸದಸ್ಯರ ಗಂಟಲು ಒಣಗಿತ್ತು. ಕೈ ಎತ್ತಿಸಿ ನೋಡಿದರೆ ಸಾಲಕ್ಕೆ ಎಷ್ಟೋ, ಪಾಳಿ ಕಡಿತಕ್ಕೂ ಅಷ್ಟೇ. ಸಮ ಬಿದ್ದಾಗ ಅಧ್ಯಕ್ಷರ ಮತವೇ ಕೊನೆ. ಆಮೇಲೆ ಗಂಟೆ ಬಾರಿಸಿ ನಿರ್ಣಯ ಓದಿದರೆ ಮುಗಿಯಿತು, ಮುಂದಿನ ಬಜೆಟ್‌ವರೆಗೆ ಬ್ರಹ್ಮ ಬಂದರೂ ಬದಲಿಸುವಂತಿಲ್ಲ.

ಆಕೆಗೆ ಪಾಳಿ ಉಳಿಯಬೇಕಿತ್ತು. ಗಂಡ ಅದೇ ಪಂಪ್‌ಹೌಸಿನಲ್ಲಿ ದುಡಿಯುತ್ತ ತೀರಿಹೋದವನು. ಆಗ ಬಾಗಿಲಿಗೆ ಬಂದು ನಿಂತವರು ನೆಂಟರಿಷ್ಟರಲ್ಲ, ರಾತ್ರಿ ಪಾಳಿಯವರು. ಅವರಲ್ಲಿ ಹಿರಿಯನನ್ನು ಎಲ್ಲರೂ ದೊಡ್ಡಪ್ಪ ಅನ್ನುತ್ತಿದ್ದರು. ಆಕೆಯ ಮಗನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟುಬಂದವನು ಅವನು. ಹುಡುಗ ಬೆಳೆದ ಮೇಲೆ ಕೈ ಹಿಡಿದು ಕೆಲಸ ಕಲಿಸಿದವನೂ ಅವನೇ. ಅಂಥವನ ಹೊಟ್ಟೆಯ ಮೇಲೆ ಹೊಡೆಯುವುದುಂಟೇ?

ಆದರೆ ಮಗನೂ ಅದೇ ಪಾಳಿಯವನು. ಪಾಳಿ ಉಳಿಸಿದರೆ ಮಗನಿಗಾಗಿ ಉಳಿಸಿದಳು ಅನ್ನುತ್ತಾರೆ, ತೆಗೆದರೆ ದೊಡ್ಡಪ್ಪ ಬೀದಿಗೆ ಬೀಳುತ್ತಾನೆ. ಅತ್ತ ದರಿ, ಇತ್ತ ಪುಲಿ. ಹಿಂದಿನ ಬೆಂಚಿನಲ್ಲಿ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿಕೊಂಡು ಕೂತಿದ್ದ. ಆಕೆ ಆ ಕಡೆ ನೋಡಲೇ ಇಲ್ಲ.

ಬೆಳಿಗ್ಗೆ ತಿಂಡಿ ತಿನ್ನುವಾಗ ಮಗ ಅಂದಿದ್ದ, "ಅಮ್ಮಾ, ನನ್ನ ಮುಖ ನೋಡ್ಬೇಡ. ನಿಂಗೆ ಸರಿ ಅನ್ಸಿದ್ದು ಮಾಡು."

"ಜನ ಸುಮ್ನೆ ಬಿಡ್ತಾರೇನೋ?"

"ಯಾರೂ ಏನೂ ಅನ್ನಲ್ಲ, ನೋಡ್ತಿರು."

ಎಷ್ಟು ಸಲೀಸಾಗಿ ಅಂದುಬಿಟ್ಟ! ಮೀಸೆ ಬಂದರೂ ಹುಡುಗುಬುದ್ಧಿ ಹೋಗಿಲ್ಲ ಅಂದುಕೊಂಡಿದ್ದಳು.

ನೀರು ಸರಬರಾಜಿನ ಎಂಜಿನಿಯರ್ ಮೂಲೆಯಲ್ಲಿ ಎದ್ದು ನಿಂತ. "ಮೇಡಂ, ಒಂದು ಮಾತು ಹೇಳ್ಬೇಕಿತ್ತು."

"ಸದಸ್ಯರು ಮಾತ್ರ ಮಾತಾಡ್ಬೇಕು. ಕೂತ್ಕೊಳ್ಳಿ."

"ನೋಡಿದ್ರಾ?" ಜವಳಿ ಅಂಗಡಿಯವನು ಸುತ್ತ ಕಣ್ಣಾಡಿಸಿದ. "ಮಗನ ಸಾಹೇಬ್ರಿಂದ ಶಿಫಾರಸು! ತಾಯಿ ಕರುಳು, ಪಾಪ. ಅದಕ್ಕೆ ಊರೆಲ್ಲ ಸೇರಿ ಸಾಲ ತೀರಿಸ್ಬೇಕು, ಅಷ್ಟೇ."

ಈ ಸಲ ಯಾರೂ ನಗು ತಡೆಯಲಿಲ್ಲ. ಆಕೆಯ ಕಿವಿ ಬಿಸಿಯಾಯಿತು.

ಎಂಜಿನಿಯರ್ ಕೂತಿರಲಿಲ್ಲ. "ಮೇಡಂ, ನೀವು ಮತ ಹಾಕೋ ಮುಂಚೆನೇ ಇದನ್ನ ಹೇಳ್ಬೇಕು. ದಯವಿಟ್ಟು..."

"ಕೂತ್ಕೊಳ್ಳಿ ಅಂದ್ನಲ್ಲ! ಪಾಳಿಯವರ ಪರವಾಗಿ ಯಾರ ಮಾತೂ ನಂಗೆ ಬೇಕಾಗಿಲ್ಲ!"

ಅವನು ಕೂತ.

ಆಕೆ ಕಣ್ಣು ಮುಚ್ಚಿ, ಕಡಿತದ ಪರವಾಗಿ ಕೈ ಎತ್ತಿದಳು. ಗಂಟೆ ಬಾರಿಸಿದಳು. ನಿರ್ಣಯ ಓದಿದಳು.

ಚಪ್ಪಾಳೆಯೋ ಚಪ್ಪಾಳೆ. ಜವಳಿ ಅಂಗಡಿಯವನು ಎದ್ದು ಬಂದು ಕೈ ಮುಗಿದ. "ತಪ್ಪಾಯ್ತು ಮೇಡಂ. ಹೆತ್ತ ಮಗನ್ನೇ ನೋಡ್ಲಿಲ್ಲ ನೀವು! ನಿಮ್ಮಂಥೋರು ಸಾವಿರಕ್ಕೊಬ್ರು."

ಹಿಂದಿನ ಬೆಂಚಿನಿಂದ ದೊಡ್ಡಪ್ಪ ಎದ್ದ. ಬೈಯಲಿಲ್ಲ, ಅಳಲಿಲ್ಲ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ. ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಆಕೆಗೆ. ಓಡಿ ಹೋಗಿ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿದು ಹೇಳುವುದೇನನ್ನು? ಬೇರೆ ದಾರಿಯೇ ಇರಲಿಲ್ಲ ಎಂದೇ? ಹೌದು, ಇರಲಿಲ್ಲ. ಅದೊಂದೇ ಸಮಾಧಾನ.

ಸಭಾಂಗಣ ಖಾಲಿಯಾಯಿತು. ಎಂಜಿನಿಯರ್ ಮಾತ್ರ ಮೂಲೆಯಲ್ಲೇ ಉಳಿದಿದ್ದ. ಗದರಿಸಿದ್ದಕ್ಕೆ ಆಕೆಗೆ ನಾಚಿಕೆಯಾಯಿತು.

"ಬೇಜಾರು ಮಾಡ್ಕೋಬೇಡಿ. ಅದೇನು ಹೇಳ್ಬೇಕು ಅಂತಿದ್ರಿ?"

ಅವನು ಎದ್ದು ಹತ್ತಿರ ಬಂದ.

"ನಿಮ್ಮ ಮಗ ನಿನ್ನೆ ಸಂಜೆನೇ ಕೆಲಸ ಬಿಟ್ರು ಮೇಡಂ. ಮನೇಲಿ ಹೇಳಿದ್ರೆ ಅಮ್ಮ ಒಪ್ಪಲ್ಲ, ಸಭೇಲಿ ಎಲ್ರ ಮುಂದೆ ನೀವೇ ಹೇಳಿಬಿಡಿ, ಆಗ ಅಮ್ಮ ಯಾರಿಗೂ ಹೆದರ್ದೆ ದೊಡ್ಡಪ್ಪನ್ನ ಉಳಿಸ್ತಾರೆ ಅಂದಿದ್ರು."